ಸೂರಿನ ನೀರು ಬೀಳುವ ಜಾಗ

ನಮ್ಮ ಕಡೆ ಜಾಗವನ್ನು ಟೇಪು ಹಿಡಿದು ಅಳೆಯುವುದಕ್ಕೆ ಮುಂಚೆ ತಲೆ ಎತ್ತಿ ಅಳೆಯುತ್ತಿದ್ದರು. ಸೂರಿನ ನೀರು ಎಲ್ಲಿ ಬೀಳುತ್ತದೋ ಅಲ್ಲಿಯ ತನಕ ಆ ಮನೆಯವರ ಜಾಗ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ನಾನು ಮದುವೆಯಾಗಿ ಬಂದ ವಾರವೇ ನನ್ನ ಅತ್ತೆ ಮನೆಯ ಮೂಡಲ ಪಕ್ಕಕ್ಕೆ ಕರೆದುಕೊಂಡು ಹೋಗಿ, ಹೆಂಚಿನ ತುದಿಯಿಂದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ನೆಲದ ಮೇಲೆ ಬಿದ್ದಿದ್ದ ಗುಳಿಗಳ ಸಾಲನ್ನು ತೋರಿಸಿದ್ದಳು. ಒಡವೆ ತೋರಿಸಲಿಲ್ಲ. ಒಡವೆ ಇರಲೂ ಇಲ್ಲ.

ಗೋಡೆಯಿಂದ ಆ ಗುಳಿಗಳ ಸಾಲಿಗೆ ಎರಡು ಮೊಳ. ಅಷ್ಟೇ ಅಗಲದ ಓಣಿ ಅದು. ಅದರಾಚೆ ಪಕ್ಕದ ಮನೆಯವರ ಹಿತ್ತಲು. ಎರಡು ಮೊಳ ಓಣಿಗೆ ಇಷ್ಟು ಮಾತೇ ಅನ್ನಬಹುದು. ನಮ್ಮ ಹುಳುವಿನ ಕೋಣೆಯ ಕಿಟಕಿ ಇದ್ದದ್ದು ಆ ಓಣಿಗೆ. ರೇಷ್ಮೆ ಹುಳ ನಾಜೂಕಿನ ಜೀವ. ಸೆಕೆಯಾದರೆ ಸಾಯುತ್ತದೆ, ಗಾಳಿ ನಿಂತರೆ ಸಾಯುತ್ತದೆ. ಮೂವತ್ತು ವರ್ಷ ಆ ಒಂದು ಕಿಟಕಿಯಿಂದ ಬಂದ ಗಾಳಿಯಲ್ಲಿ ಹುಳು ಮೇಯಿಸಿ, ಗೂಡು ಬಿಡಿಸಿ, ರಾಮನಗರದ ಮಾರ್ಕೆಟ್ಟಿಗೆ ಹಾಕಿದ್ದೇವೆ. ಮಗನ ಮದುವೆ ಆ ಕಿಟಕಿಯಿಂದ ಆಯಿತು. ನನ್ನ ಕಣ್ಣಿನ ಆಪರೇಷನ್ನೂ ಆ ಕಿಟಕಿಯಿಂದಲೇ ಆಯಿತು.

ಪಕ್ಕದ ಮನೆಯವಳು ನನಗಿಂತ ನಾಲ್ಕು ವರ್ಷ ಚಿಕ್ಕವಳು. ನನ್ನನ್ನು ಅಕ್ಕ ಅನ್ನುತ್ತಾಳೆ, ಸಂಬಂಧವೇನೂ ಇಲ್ಲ. ನನ್ನ ಎರಡನೆಯ ಹೆರಿಗೆಯಲ್ಲಿ ಬೆನ್ನು ಹಿಡಿದು ಕೂತವಳು ಅವಳು. ಅವಳ ಗಂಡ ಹೋದಾಗ ಹನ್ನೊಂದು ದಿನ ಅವಳ ಮನೆಯ ಒಲೆ ಹಚ್ಚಿದವಳು ನಾನು. ಬಾಯಿ ಜೋರು, ಆದರೆ ನಗಿಸುತ್ತಾಳೆ. ಹಿಂದೊಮ್ಮೆ ನಮ್ಮ ಪಡುವಲ ಪಕ್ಕದವನು ಗಾಡಿ ತಿರುಗಿಸಲು ಅಡ್ಡ ಎಂದು ನಮ್ಮ ಸೂರಿನ ಹೆಂಚನ್ನು ಒಂದು ಗೇಣು ಕಿತ್ತು ಹಾಕಿದ್ದ. ನಾನು ಅವನ ಗಾಡಿಯ ಮುಂದೆ ಕೂತೆ. ಅವಳು ನನ್ನ ಪಕ್ಕ ನಿಂತು, ನನಗಿಂತ ಜೋರಾಗಿ ಕೂಗಿದಳು.

"ಏನಯ್ಯಾ, ಸೂರು ಕತ್ರಿಸೋದೂ ಒಂದೇ, ಜಾಗ ಕದಿಯೋದೂ ಒಂದೇ! ಹಾಕು ಹೆಂಚ ವಾಪಸ್ಸು!"

ಅವನು ಹಾಕಿದ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಸೂರಿನ ಕಾನೂನು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಎರಡು ವರ್ಷದ ಹಿಂದೆ, ಬೇಸಿಗೆಯ ಮೊದಲ ಮಳೆ ಆಲಿಕಲ್ಲಾಗಿ ಬಂತು. ಅಂಥ ಆಲಿಕಲ್ಲನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಾಲು ಗಂಟೆ ಹುಯ್ದು ನಿಂತಾಗ ಅಂಗಳ ಬೆಳ್ಳಗಿತ್ತು. ಮಗ ಸೊಸೆ ಮಂಚದ ಕೆಳಗಿದ್ದರು, ನಾನು ಬಾಗಿಲ ಸಂದಿನಲ್ಲಿ ನಿಂತಿದ್ದೆ. ಪಕ್ಕದ ಹಿತ್ತಲಿಂದ ಅವಳ ಧ್ವನಿ.

"ಅಕ್ಕಾ, ಬದುಕಿದ್ದೀಯಾ? ಬಾ ನೋಡು, ನಮ್ಮೂರು ಕಾಶ್ಮೀರ ಆಗೋಗೈತೆ! ಶಾಲು ಹೊದ್ಕೊಂಡು ಬಾ, ಇಬ್ರೂ ಪೋಟ ತೆಗಿಸ್ಕೊಳನ."

"ನಿನ್ ಮಕಕ್ಕೆ ಕಾಶ್ಮೀರ ಬೇರೆ ಕೇಡು. ನಮ್ ಮನೇಲಿ ನಿಂತ್ಕೊಂಡ್ರೆ ಆಕಾಶ ಕಾಣ್ತಾ ಐತೆ, ಬಂದು ನೋಡು."

ಬಂದು ನೋಡಿದಳು. ನಡುಮನೆಯಲ್ಲಿ ಹೆಂಚಿನ ಚೂರು, ನೀರು, ಕರಗುತ್ತಿದ್ದ ಆಲಿಕಲ್ಲು. ಹುಳುವಿನ ಕೋಣೆಯ ಮೇಲೂ ಅರ್ಧಕ್ಕರ್ಧ ಹೆಂಚು ಹೋಗಿತ್ತು. ಪುಣ್ಯಕ್ಕೆ ಹುಳು ಇರಲಿಲ್ಲ, ಗೂಡು ಮಾರ್ಕೆಟ್ಟಿಗೆ ಹಾಕಿ ಎರಡು ದಿನವಾಗಿತ್ತು. ಅವಳು ಸೀರೆ ಎತ್ತಿ ಕಟ್ಟಿ, ಪೊರಕೆ ಹಿಡಿದು ನಮ್ಮ ಜೊತೆ ಕತ್ತಲಾಗುವ ತನಕ ಗುಡಿಸಿದಳು. ಆ ಗುಡಿಸುವಿಕೆಯಲ್ಲಿ ಕಪಟವಿತ್ತೇ ಎಂದು ಈಗ ಯೋಚಿಸುತ್ತೇನೆ. ಆವತ್ತು ಇರಲಿಲ್ಲ ಅಂತಲೇ ಅನ್ನಿಸುತ್ತದೆ.

ಮೊದಲಾದರೆ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವವರು ಬರುತ್ತಿದ್ದರು. ಮಾಡು ಹತ್ತಿ, ಹೆಂಚನ್ನೆಲ್ಲ ತೆಗೆದು, ಕಸ ಗುಡಿಸಿ, ಒಡೆದದ್ದಕ್ಕೆ ಬದಲಿ ಇಟ್ಟು ಮತ್ತೆ ಹೊದಿಸುತ್ತಿದ್ದರು. ಈಗ ಆ ಕೆಲಸದವರೂ ಇಲ್ಲ, ಆ ಅಳತೆಯ ಹೆಂಚೂ ಸಿಕ್ಕುವುದಿಲ್ಲ. ಮಗ ಎರಡು ದಿನ ಸುತ್ತಿ ಬಂದು ಶೀಟು ಹಾಕಿಸೋಣ ಎಂದ. ನನಗೆ ಶೀಟು ಇಷ್ಟವಿಲ್ಲ. ಬಿಸಿಲಲ್ಲಿ ಕಾಯುತ್ತದೆ, ಮಳೆಯಲ್ಲಿ ಮಾತು ಕೇಳಿಸುವುದಿಲ್ಲ. ಆದರೆ ಮಳೆಗಾಲ ಎದುರಿಗಿತ್ತು. ಮೇಲೆ ತೆಂಗಿನ ಗರಿ ಹೊದಿಸಿ, ಕಿಟಕಿ ತೆಗೆದಿಟ್ಟರೆ ಹುಳುವಿಗೆ ತೊಂದರೆಯಾಗದು ಎಂದು ಒಪ್ಪಿದೆ.

ಶೀಟು ಕುದೂರಿನಿಂದ ಟೆಂಪೋದಲ್ಲಿ ಬಂತು. ಹಾಕುವವನು ಹಾರೋಹಳ್ಳಿಯಲ್ಲಿ ಫ್ಯಾಕ್ಟರಿ ಶೆಡ್ಡುಗಳಿಗೆ ಶೀಟು ಹಾಕಿ ಪಳಗಿದವನು. ಮಗ ಹೊಲದಲ್ಲಿದ್ದ. ಕೆಳಗೆ ನಾನು, ನನ್ನ ಪಕ್ಕ ಅವಳು. ಅವಳ ಕೈಯಲ್ಲಿ ನಮಗೆಲ್ಲ ತಂದಿದ್ದ ಮಜ್ಜಿಗೆ ಚೊಂಬು.

"ಅಜ್ಜೀ, ಸೂರು ಎಷ್ಟು ಬುಡ್ಲಿ? ಇದ್ದಷ್ಟೇ ಬುಡ್ಲಾ?" ಎಂದು ಅವನು ಮೇಲಿನಿಂದ ಕೇಳಿದ.

ನಾನು ಬಾಯಿ ತೆರೆಯುವುದರೊಳಗೆ ಅವಳು ಹೇಳಿದಳು.

"ಸೂರು ಗೀರು ಏನೂ ಬ್ಯಾಡ ಕಣಪ್ಪ. ಗೋಡೆ ಸಮಕ್ಕೆ ಕತ್ತರಿಸ್ಬುಡು. ಗಾಳಿ ಅಡಿಯಿಂದ ನುಗ್ಗುದ್ರೆ ಶೀಟು ಎತ್ಕೊಂಡೋಯ್ತದೆ. ನಮ್ ತಂಗಿ ಮನೇದು ಹಂಗೇ ಹಾರ್ಕೊಂಡೋಗಿ ಬಸ್‌ಸ್ಟ್ಯಾಂಡಲ್ಲಿ ಬಿದ್ದಿತ್ತು. ಕಂಡಕ್ಟ್ರು ಟಿಕೀಟು ಕೇಳೋದೊಂದು ಬಾಕಿ."

ಎಲ್ಲರೂ ನಕ್ಕೆವು. ಅವನು ನಗುತ್ತಲೇ ಮತ್ತೆ ಕೇಳಿದ.

"ಅಜ್ಜೀ, ಮನೆ ನಿಂದು. ನೀನೇಳು."

"ಅವ್ಳೇಳಿದ್ಮೇಲೆ ಆಯ್ತು. ಹಂಗೇ ಮಾಡಪ್ಪ" ಎಂದೆ.

ಅವನು ಎರಡು ಸಲ ಕೇಳಿದ. ಸೂರಿನ ಕಾನೂನು ಗೊತ್ತಿಲ್ಲದ ಪರವೂರಿನವನು ಎರಡು ಸಲ ಕೇಳಿದ. ಗೊತ್ತಿದ್ದ ನಾನು ಒಂದು ಸಲವೂ ಯೋಚಿಸಲಿಲ್ಲ.

ಶೀಟಿನ ತುದಿಗೆ ತಗಡಿನ ದೋಣಿ ಕಟ್ಟಿಸು, ನೀರೆಲ್ಲ ಮುಂದಿನ ಡ್ರಮ್ಮಿಗೆ ಬಿದ್ದರೆ ದನಕ್ಕಾಗುತ್ತದೆ ಎಂದು ಹೇಳಿದವಳೂ ಅವಳೇ. ಒಳ್ಳೆಯ ಮಾತು ಎನ್ನಿಸಿತು, ಕಟ್ಟಿಸಿದೆ. ಆ ವಾರದಲ್ಲೇ ಒಂದು ಬೆಳಿಗ್ಗೆ ಓಣಿಯಲ್ಲಿ ಸದ್ದಾಯಿತೆಂದು ಹೋಗಿ ನೋಡಿದರೆ, ಅವಳು ಬಾಂಡಲಿಯಲ್ಲಿ ಮಣ್ಣು ತಂದು ಗುಳಿಗಳಿಗೆ ತುಂಬಿ, ಕಾಲಲ್ಲಿ ತುಳಿದು ಸಮ ಮಾಡುತ್ತಿದ್ದಳು.

"ಇದ್ಯಾಕಮ್ಮಿ?"

"ನೀರು ಬೀಳೋದು ನಿಂತೋಯ್ತಲ್ಲ, ಗುಳಿ ಯಾಕೆ? ಕಾಲು ಸಿಗ್ಸಿಕೊಂಡು ಸೊಂಟ ಮುರ್ಕೊಂಡ್ರೆ ನಿನ್ ಸೊಸೆ ನೋಡ್ತಾಳಾ? ನಾನೇ ತಾನೇ ಬರ್ಬೇಕು."

ನಾನು ಒಳಗೆ ಹೋಗಿ ಅವಳಿಗೆ ಕಾಫಿ ಕಾಸಿ ತಂದೆ. ನನ್ನ ಅತ್ತೆ ತೋರಿಸಿದ್ದ ಗುರುತನ್ನು ನನ್ನ ಕಣ್ಣೆದುರೇ ಮುಚ್ಚಿದವಳಿಗೆ ಬೆಲ್ಲ ಹೆಚ್ಚು ಹಾಕಿ ಕೊಟ್ಟೆ.

ಮಳೆಗಾಲ ಕಳೆಯಿತು. ಎರಡು ಬೆಳೆ ಹುಳು ಚೆನ್ನಾಗಿ ಬಂತು. ಮೂರನೆಯದಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ದು ತರುವಾಗ ಪಕ್ಕದ ಹಿತ್ತಲಲ್ಲಿ ಸುಣ್ಣದ ಗೆರೆ ಎಳೆದಿದ್ದು ಕಂಡಿತು. ಅವಳ ಇಬ್ಬರು ಗಂಡುಮಕ್ಕಳಿಗೆ ಭಾಗವಾಗಿತ್ತು, ಚಿಕ್ಕವನಿಗೆ ಹಿತ್ತಲಲ್ಲಿ ಮನೆ ಕಟ್ಟುತ್ತಾರೆ ಎಂದು ಕೇಳಿದ್ದೆ. ಸಂತೋಷವೇ ಪಟ್ಟಿದ್ದೆ. ಆದರೆ ಆ ಗೆರೆ ಬಂದು ನಮ್ಮ ಗೋಡೆಯ ಬುಡಕ್ಕೇ ತಾಗಿತ್ತು. ತಪ್ಪಾಗಿ ಎಳೆದಿದ್ದಾರೆ ಎಂದುಕೊಂಡು ಅವಳನ್ನು ಕರೆದೆ.

"ಯಾರಮ್ಮಿ ಗೆರೆ ಎಳ್ದೋನು? ಕುಡುದ್ಬುಟ್ಟಿದ್ನಾ? ನಮ್ ಓಣೀನೂ ಸೇರ್ಸ್‌ಬುಟ್ಟವ್ನಲ್ಲ."

ಅವಳು ನನ್ನ ಮುಖ ನೋಡಲಿಲ್ಲ. ಸೀರೆಯ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಕೈ ಒದ್ದೆಯಾಗಿರಲಿಲ್ಲ.

"ಹುಡುಗ್ರನ್ನ ಕೇಳಕ್ಕ. ನಂಗೇನ್ ಗೊತ್ತಾಯ್ತದೆ?"

ಈ ಊರಿನ ಪ್ರತಿಯೊಂದು ಮನೆಯ ವಿಷಯ ಗೊತ್ತಿರುವವಳು ನಂಗೇನ್ ಗೊತ್ತು ಅಂದಾಗ ನನಗೆ ಅರ್ಥವಾಗಿಹೋಯಿತು. ಅಲ್ಲೇ ಗೋಡೆಗೆ ಒರಗಿ ನಿಂತೆ.

ಊರಿನ ಹಿರಿಯರು ಮೂವರನ್ನು ಮಗ ಕರೆಸಿದ. ಮನೆ ಕಾಗದ ತಂದ. ಚಕ್ಕುಬಂದಿಯಲ್ಲಿ, ಅಂದರೆ ಯಾವ ದಿಕ್ಕಿಗೆ ಯಾರ ಜಾಗವಿದೆ ಎಂದು ಬರೆಯುವ ಕಡೆ, ಮೂಡಲಿಗೆ ಅವಳ ಮಾವನ ಹೆಸರಿತ್ತೇ ಹೊರತು ಓಣಿ ಎಂಬ ಮಾತಿರಲಿಲ್ಲ. ಬರೆಸಿದವರು ಯಾಕೆ ಬರೆಸಲಿಲ್ಲ ಎಂದರೆ, ಸೂರು ಕಣ್ಣಿಗೆ ಕಾಣುತ್ತಿತ್ತು, ಬರೆಯುವುದೇನು ಎಂದು. ಹಿರಿಯರಲ್ಲಿ ದೊಡ್ಡವರು ಓಣಿಗೆ ಬಂದು, ರೂಢಿಯಂತೆ ತಲೆ ಎತ್ತಿದರು.

"ಸೂರು ನೀರು ಎಲ್ಲಿ ಬೀಳ್ತದಮ್ಮ?"

ಅವರು ತಗಡಿನ ದೋಣಿ ಹಿಡಿದು ನೋಡುತ್ತ ಮುಂದಿನ ಡ್ರಮ್ಮಿನ ತನಕ ನಡೆದರು.

"ನಿನ್ ನೀರು ನಿನ್ನಂಗ್ಳಕ್ಕೇ ಬೀಳ್ತದಲ್ಲ!"

"ಶೀಟು ಹಾಕ್ಸೋವರ್ಗೂ ಇಲ್ಲೇ ಬೀಳ್ತಿತ್ತು. ಇವ್ಳೇ ಸೂರು ಕತ್ತರ್ಸು ಅಂದ್ಳು. ಗುಳಿ ಮುಚ್ದೋಳೂ ಇವ್ಳೇ. ಕೇಳಿ."

ಅವರು ಅವಳ ಕಡೆ ತಿರುಗಿದರು.

"ಹೇಳ್ದೆ" ಎಂದಳು ಅವಳು, ಸೆರಗು ಸರಿಮಾಡಿಕೊಂಡು. "ಗಾಳೀಗೆ ಹಾರೋಯ್ತದೆ ಅಂತ ಹೇಳ್ದೆ. ಹಾರ್ನಿಲ್ವಲ್ಲ?"

ನೋಡಲು ಬಂದಿದ್ದವರು ಗೊಳ್ಳೆಂದು ನಕ್ಕರು. ಹೇಳಲು ನಾಚಿಕೆಯಾಗುತ್ತದೆ, ನನಗೂ ನಗು ಬಂದು ತುಟಿಯ ತನಕ ಬಂತು. ನಲವತ್ತು ವರ್ಷದ ಅಭ್ಯಾಸ. ನಗು ನುಂಗಿಕೊಂಡು, ಗಾಡಿಯವನಿಗೆ ಅವಳು ಕೂಗಿದ್ದ ಮಾತನ್ನು ಅವಳಿಗೇ ಹೇಳಿದೆ.

"ಸೂರು ಕತ್ರಿಸೋದೂ ಒಂದೇ, ಜಾಗ ಕದಿಯೋದೂ ಒಂದೇ ಅಂತ ಆವತ್ತು ಅಂದೋರು ಯಾರಮ್ಮಿ?"

"ಆ ಗಾಡಿಯೋನು ನಿನ್ನ ಕೇಳ್ದೇನೇ ಕತ್ತರಿಸ್ದ. ಇಲ್ಲಿ ನೀನೇ ಹೂಂ ಅಂದೆ."

ದೊಡ್ಡವರು ಗಂಟಲು ಸರಿಮಾಡಿಕೊಂಡು, ಒಂದು ಗೇಣು ಜಾಗ ಬಿಡಿಸೋಣ, ರಾಜಿಯಾಗಿ ಎಂದರು. ಒಂದು ಗೇಣಿನಲ್ಲಿ ಹೆಗ್ಗಣ ಓಡಾಡಬಹುದು, ಗಾಳಿ ಓಡಾಡುವುದಿಲ್ಲ. ಬೇಡ ಎಂದೆ. ಮಗ ಕೋರ್ಟು ಎಂದ. ಏನು ಹೇಳುತ್ತೀಯ ಅಲ್ಲಿ, ನಮ್ಮವ್ವ ಕೇಳಿದ್ದಕ್ಕೆ ಹೂಂ ಅಂದಳು ಅನ್ನುತ್ತೀಯಾ ಎಂದು ಅವನ ಬಾಯಿ ಮುಚ್ಚಿಸಿದೆ.

ಗೋಡೆ ಏಳತೊಡಗಿತು. ಮೂರನೆಯ ಬೆಳೆಯ ಹುಳು ನಾಲ್ಕನೆಯ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಸೊಪ್ಪು ತಿನ್ನುವ ಹೊತ್ತು. ಇಟ್ಟಿಗೆ ಕಿಟಕಿಯ ಅರ್ಧಕ್ಕೆ ಬಂದ ದಿನ ಕೋಣೆಯಲ್ಲಿ ಗಾಳಿ ನಿಂತು ಸೆಕೆಯಾಯಿತು. ಮರುದಿನ ತಟ್ಟೆಗಳ ಅಂಚಿಗೆ ಹುಳುಗಳು ತೆವಳಿಕೊಂಡು ಬಂದು ತಲೆ ನೇತು ಹಾಕಿದ್ದವು. ಸೊಸೆ ಅಳುತ್ತ ಆರಿಸಿದಳು. ಉಳಿದದ್ದನ್ನು ನಡುಮನೆಗೆ ಸಾಗಿಸಿದೆವು. ನಮ್ಮ ಊಟ ಮಲಗಾಟ ಎಲ್ಲ ಅಂಗಳಕ್ಕೆ ಬಂತು.

ಕಿಟಕಿಯ ಮೇಲರ್ಧದ ಕದಗಳು ಹೊರಕ್ಕೆ ತೆರೆಯುವಂಥವು. ಗಾರೆಯವನು, ಅಜ್ಜೀ ಕದ ಅಡ್ಡ ಬರುತ್ತದೆ, ಬಿಚ್ಚಿಕೊಂಡುಬಿಡು ಎಂದು ಹೇಳಿ ಊಟಕ್ಕೆ ಹೋದ. ನಾನು ತಿರುಪು ಬಿಚ್ಚುತ್ತಿದ್ದೆ. ಅರ್ಧ ಗೋಡೆಯಾಚೆ ಅವಳು ಬಂದು ನಿಂತಳು. ಕರೆದಿದ್ದು ಸಣ್ಣ ದನಿಯಲ್ಲಿ.

"ಅಕ್ಕ. ಒಸಿ ಮಾತಾಡ್ಬಾರ್ದಾ?"

ನಾನು ಒಂದು ತಿರುಪು ಪೂರ್ತಿ ಬಿಚ್ಚಿ ಕೈಗೆ ತೆಗೆದುಕೊಂಡೆ.

"ಜಾಗ ಸಾಲ್ದು ಅಂತ ಬಾಯ್ಬುಟ್ಟು ಕೇಳಿದ್ರೆ ಒಂದು ಮೊಳ ನಾನೇ ಬುಟ್ಕೊಡ್ತಿದ್ದೆ ಕಣಮ್ಮಿ. ಕೇಳ್ಬಾರ್ದಿತ್ತಾ?"

ಅವಳು ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು.

"ಒಂದು ಮೊಳ ಸಾಕಾಯ್ತಿರ್ನಿಲ್ಲ ಕಣಕ್ಕ. ಮೆಟ್ಲು ಬರ್ಬೇಕಲ್ಲ."

ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಅತ್ತಿದ್ದರೆ ಬೈಯಬಹುದಿತ್ತು. ಅವಳು ಮೆಟ್ಟಿಲಿನ ಅಗಲ ಹೇಳಿದಳು. ನಾನು ಎರಡೂ ಕದ ಬಿಚ್ಚಿ ಒಳಗೆಳೆದುಕೊಂಡೆ. ಗಾರೆಯವನು ಊಟ ಮುಗಿಸಿ ಬಂದು ಉಳಿದ ಇಟ್ಟಿಗೆ ಇಟ್ಟ.

ಈಗ ಆ ಕೋಣೆಯಲ್ಲಿ ನನ್ನ ಮಂಚವಿದೆ. ಹುಳು ಬದುಕದ ಜಾಗದಲ್ಲಿ ಮುದುಕಿ ಮಲಗಿದರೆ ಯಾರಿಗೂ ನಷ್ಟವಿಲ್ಲ. ಅಲ್ಲದೆ ನಡುಮನೆ ಹುಳುವಿಗೆ ಬೇಕು, ವರ್ಷಕ್ಕೆ ಎರಡು ಬೆಳೆಯಾದರೂ ಎತ್ತಬೇಕು. ಗೋಡೆಗೆ ಗೋಡೆ ಅಂಟಿರುವುದರಿಂದ ಅವಳ ಮಗನ ಮನೆಯ ಮೆಟ್ಟಿಲು ಹತ್ತಿಳಿಯುವ ಸದ್ದೆಲ್ಲ ಕೇಳಿಸುತ್ತದೆ. ಅವಳ ಹೆಜ್ಜೆ ನನಗೆ ಗೊತ್ತು, ಎಡಗಾಲು ಎಳೆದು ಹಾಕುತ್ತಾಳೆ. ಬೆಳಿಗ್ಗೆ ಮೊಮ್ಮಗುವನ್ನು ನೋಡಲು ಹತ್ತುತ್ತಾಳೆ, ಮಧ್ಯಾಹ್ನ ಇಳಿಯುತ್ತಾಳೆ. ಒಂದು ದಿನ ನಡುವೆ ನಿಂತು ಕೆಮ್ಮಿದಳು, ತುಂಬ ಹೊತ್ತು ಕೆಮ್ಮಿದಳು. ನೀರು ಕುಡಿಯಮ್ಮಿ ಎಂದು ಬಾಯಿಗೆ ಬಂತು. ಎದ್ದು ಹುಳುವಿಗೆ ಸೊಪ್ಪು ಹೆಚ್ಚಲು ಹೋದೆ.