ಗುಡ್ಡಕ್ಕೆ ನಲ್ಲಿ ಹಾಕಿದ ಗುರುವಪ್ಪ

ತಾಯಲೂರು ಕಡೆಯ ಗುರುವಪ್ಪ ಇಪ್ಪತ್ತಾರು ವರ್ಷ ಬೋರ್‌ವೆಲ್ ಲಾರಿಯಲ್ಲಿ ಭೂಮಿಗೆ ತೂತು ಹೊಡೆದವನು. ಕೋಲಾರದ ಸೀಮೆಯಲ್ಲಿ ಆ ಕೆಲಸ ಅಂದರೆ ಸುಮ್ಮನೆಯೇ? ಸಾವಿರದೈನೂರು ಅಡಿ ಇಳಿದರೂ ಬರೀ ಧೂಳು. ಎಲ್ಲಾದರೂ ಅಪ್ಪಿತಪ್ಪಿ ನೀರು ಚಿಮ್ಮಿತೋ, ಕೆಸರಿನಲ್ಲೇ ನಿಂತು ಕುಣಿಯುತ್ತಿದ್ದ ಆಸಾಮಿ.

ಐವತ್ತು ದಾಟಿದ ಮೇಲೆ ಅವನಿಗೆ ಸಿಕ್ಕಿದ್ದು ಅಡ್ಡ ತೂತಿನ ಕೆಲಸ. ಮುಳಬಾಗಿಲಿನಾಚೆ ರಸ್ತೆ ಅಗಲ ಮಾಡುವವರು ಒಂದು ಮಣ್ಣುಗುಡ್ಡದ ಬುಡವನ್ನು ನೆಟ್ಟಗೆ ಕಡಿದುಬಿಟ್ಟಿದ್ದರು. ಮೇಲಿನ ಅಂಚಿನಲ್ಲೇ ಹಾಲು ಮಾರುವ ಆವಲಮ್ಮನ ಮನೆ. ಹೋದ ಮಳೆಗೆ ಅವಳ ಕೊಟ್ಟಿಗೆ ಅರ್ಧ ಜಾರಿ ರಸ್ತೆಗೆ ಬಿದ್ದಿತ್ತು. ಇನ್ನೊಂದು ಸಲ ಜಾರಿದರೆ ಮನೆಯೇ. ಅದಕ್ಕೇ ಮಣ್ಣಿಗೆ ಮೊಳೆ ಹೊಡೆಯುವ ಕೆಲಸ: ಗುಡ್ಡದೊಳಕ್ಕೆ ಓರೆಯಾಗಿ ಮೂವತ್ತಡಿ ಕೊರೆದು, ಕಬ್ಬಿಣದ ಸರಳು ತೂರಿಸಿ, ಸಿಮೆಂಟಿನ ಹಾಲು ತುಂಬಿ, ಮೇಲೆ ಜಾಲರಿ ಕಟ್ಟಿ ಕಾಂಕ್ರೀಟು ಎರಚುವುದು.

“ತೂತಲ್ಲಿ ನೀರು ಬಂದ್ರೆ ತಕ್ಷಣ ನಂಗೆ ಹೇಳಿ, ಗುರುವಪ್ಪಣ್ಣ,” ಎಂದು ಎಂಜಿನಿಯರ್ ಶ್ಯಾಮಲಾ ಮೊದಲ ದಿನವೇ ಹೇಳಿದ್ದಳು.

“ನೀರಾ? ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು ಕಣಮ್ಮ!” ಎಂದು ಇವನು ನಕ್ಕಿದ್ದ. ಅವಳು ಹೇಳಿದ್ದೇನು, ಇವನಿಗೆ ಕೇಳಿಸಿದ್ದೇನು!

ಮೂರನೆಯ ಸಾಲು ಕೊರೆಯುವಾಗ ನೀರು ಬಂದೇಬಿಟ್ಟಿತು. ಶ್ಯಾಮಲಾ ಅಂದು ಕೋಲಾರಕ್ಕೆ ಹೋಗಿದ್ದಳು. “ನೀಳ್ಳೊಚ್ಚಾಯ್ರೋ!” ಎಂದು, ನೀರು ಬಂತೆಂದು ಗುರುವಪ್ಪ ತೆಲುಗಿನಲ್ಲಿ ಕೂಗಿದ ಕೂಗಿಗೆ ಆವಲಮ್ಮ ಮೇಲಿನಿಂದ ಓಡಿ ಬಂದಳು. ತೆಂಗಿನಕಾಯಿ ಒಡೆದದ್ದೂ ಆಯಿತು, ಕುಂಕುಮ ಇಟ್ಟದ್ದೂ ಆಯಿತು. ತಾನಾಗಿ ಬಂದ ಗಂಗಮ್ಮನ ಬಾಯಿಗೆ ಸಿಮೆಂಟು ತುರುಕಲು ಕೈ ಬಂದೀತೆ? ಅವನು ತೂತಿಗೆ ಪೈಪು ಕೂರಿಸಿ, ಸುತ್ತ ಭದ್ರವಾಗಿ ಮೆತ್ತಿ, ಕೊನೆಗೊಂದು ನಲ್ಲಿ ಹಾಕಿದ. ಟ್ಯಾಂಕರ್ ನೀರಿಗೆ ಕಾಯುತ್ತಿದ್ದ ಆವಲಮ್ಮ ದಿನಕ್ಕೆ ನಾಲ್ಕು ಬಿಂದಿಗೆ ಹಿಡಿದು, ಒಂದು ಹನಿಯೂ ಪೋಲಾಗದಂತೆ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಹೋಗುತ್ತಿದ್ದಳು. ನೀರು ಕಂಡ ಕೂಡಲೇ ನಲ್ಲಿ ಬಿಗಿಮಾಡುವುದು ಈ ಸೀಮೆಯವರ ಹುಟ್ಟುಗುಣ. ಸುತ್ತಲೂ ಕಾಂಕ್ರೀಟು ಬಿದ್ದು ಗುಡ್ಡದ ಮುಖ ಮುಚ್ಚಿತು. ಹೇಳಿದರೆ ಎಲ್ಲಿ ಮುಚ್ಚಿಸಿಬಿಡುತ್ತಾಳೋ ಎಂದು ಗುರುವಪ್ಪ ನಲ್ಲಿಯ ಮೇಲೊಂದು ಗೋಣಿಚೀಲ ಇಳಿಬಿಟ್ಟು, ಎಂಜಿನಿಯರ್ ಮುಂದೆ ತುಟಿಪಿಟಕ್ಕೆನ್ನಲಿಲ್ಲ.

ಎರಡು ದಿನ ಜಡಿಮಳೆ ಹಿಡಿಯಿತು. ಮೂರನೆಯ ಬೆಳಿಗ್ಗೆ ಆವಲಮ್ಮ ಬಂದು, “ಲೇ ಗುರುವಪ್ಪ, ಅಂಗಳ ಬಾಯ್ಬಿಟ್ಟೈತೆ, ಬಾ ನೋಡು,” ಎಂದಳು. ಬಿರುಕಿನೊಳಗೆ ಅವನ ಅಂಗೈ ಇಳಿಯಿತು. ಅಡುಗೆಮನೆಯ ಗೋಡೆಗೆ ಅಲ್ಲಿಂದ ಮೂರೇ ಮೊಳ. ಹೊರದಾರಿ ಕಾಣದ ನೀರು ಒಳಗೇ ಕೂಡಿ ಗುಡ್ಡವನ್ನು ಮುಂದಕ್ಕೆ ನೂಕುತ್ತಿದೆ ಎಂದು ಬೋರಿನವನಿಗೆ ಬೇರೆ ಯಾರು ಹೇಳಬೇಕು? ಕೆಳಗೆ ಓಡಿ ನಲ್ಲಿ ಬಿಚ್ಚಿದರೆ ಕೆಂಪು ನೀರು ರಭಸದಿಂದ ನುಗ್ಗಿತು. ನೇರ ಶ್ಯಾಮಲಾಳ ಬಳಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡ.

“ತಲೆ ಇದೆಯಾ ನಿಮ್ಗೆ? ಗುಡ್ಡಕ್ಕೆ ಯಾರಾದ್ರೂ ನಲ್ಲಿ ಹಾಕ್ತಾರಾ?” ಎಂದು ಅವಳು ಉಗಿದಳು. ಆವಲಮ್ಮ ಹಸುಗಳನ್ನು ಹೊಡೆದುಕೊಂಡು ಅಂದೇ ತಂಗಿಯ ಮನೆಗೆ ಹೋದಳು.

ಮುಂದಿನ ಹನ್ನೊಂದು ದಿನ ಗುರುವಪ್ಪ ನೀರನ್ನು ಹೊರಹಾಕಲೆಂದೇ ಕೊರೆದ. ಹದಿನಾಲ್ಕು ತೂತು, ಪ್ರತಿಯೊಂದಕ್ಕೂ ಸಣ್ಣ ರಂಧ್ರಗಳ ಪೈಪು. ನೀರು ಸುಮ್ಮನೆ ಚರಂಡಿಗೆ ಹರಿಯುವಾಗ ಅವನ ಕರುಳು ಚುರ್ ಎನ್ನುತ್ತಿತ್ತು. ಆದರೂ ಒಂದಕ್ಕೂ ಕೈ ಅಡ್ಡ ಹಿಡಿಯಲಿಲ್ಲ. ಗುಡ್ಡ ಇನ್ನೂ ಜಾರುತ್ತಿದೆಯೇ ಎಂದು ತಿಳಿಯಲು ಬಿರುಕಿನ ಮೇಲೆ ಶ್ಯಾಮಲಾ ಮೆತ್ತಿಸಿದ್ದ ಗಾರೆಯ ಪಟ್ಟಿ, ಇನ್ನೊಂದು ಮಳೆ ಬಿದ್ದು ಹೋದರೂ ಸೀಳಲಿಲ್ಲ.

ಆವಲಮ್ಮ ವಾಪಸು ಬಂದವಳೇ ಹದಿನಾಲ್ಕು ಪೈಪುಗಳನ್ನೂ ನೋಡಿ ಕೆಂಡವಾದಳು. “ಇಷ್ಟು ನೀರ್ನ ಮೋರಿಗೆ ಬಿಟ್ಟಿದ್ದೀಯಲ್ಲೋ! ನಿನ್ ಕೈ ಸೇದೋಗ!”

ಗುರುವಪ್ಪ ಕೆಳಗೆ ರಸ್ತೆಯಲ್ಲಿ ನಿಂತು ಕತ್ತೆತ್ತಿ ನೋಡಿದ. ಅವಳು ನಿಂತಿದ್ದದ್ದು ಜಾರದೆ ಉಳಿದ ತನ್ನ ಮನೆಯ ಹೊಸಿಲ ಮೇಲೆ. ಅವನ ಕಣ್ಣು ತುಂಬಿ ಬಂತು.

“ಬೈಯಿ ತಾಯಿ,” ಎಂದ. “ಅಲ್ಲೇ ನಿಂತ್ಕೊಂಡು ಎಷ್ಟ್ ಬೇಕಾದ್ರೂ ಬೈಯಿ.”