ಶಾಯಿಯ ಕೆಳಗಿನ ಹೆಸರು

ಜನನ ನೋಂದಣಿ ಕಚೇರಿಯ ಮೂರನೇ ಕಿಟಕಿಯ ಹಿಂದೆ ಕೂರುವ ಗುಮಾಸ್ತೆಯನ್ನು ಎಲ್ಲರೂ ರಿಜಿಸ್ಟರ್ ಅಕ್ಕ ಎಂದೇ ಕರೆಯುತ್ತಿದ್ದರು. ಮೂವತ್ತನಾಲ್ಕು ವರ್ಷಗಳಿಂದ ಊರಿನ ಮಕ್ಕಳ ಹೆಸರು ಬರೆಯುತ್ತ ಬಂದ ಈ ಹೆಂಗಸು ತನ್ನ ಹೆಸರನ್ನು ಮಾತ್ರ ಯಾರ ಕಣ್ಣಿಗೂ ಬೀಳದಂತೆ ಕಾಪಾಡಿಕೊಂಡಿದ್ದಳು. ಸಹಿ ಎಂದರೆ ಒಂದೇ ಅಕ್ಷರ, ಅದರ ಮುಂದೊಂದು ಸೊಟ್ಟ ಗೆರೆ. ಗುರುತಿನ ಚೀಟಿ ಮೇಜಿನ ಡ್ರಾಯರಿನಲ್ಲಿ ಬೋರಲಾಗಿ ಬಿದ್ದಿರುತ್ತಿತ್ತು.

ಕಾರಣ ಕೇಳಿದರೆ ನಗು ಬರಬಹುದು. ಅವಳಿಗೆ ಇಟ್ಟದ್ದು ಮುತ್ತಜ್ಜಿಯ ಹೆಸರು, ಹುಟ್ಟುವಾಗಲೇ ಹಲ್ಲು ಉದುರಿದಂಥದ್ದು. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗುತ್ತ ಆ ಹೆಸರಿಗೆ ಬಂದರೆ ಸಾಕು, ಹಿಂದಿನ ಬೆಂಚಿನಿಂದ ಮುದುಕಿಯ ಕೆಮ್ಮು ಕೇಳಿಸುತ್ತಿತ್ತು. ಒಬ್ಬಳಂತೂ ಅಡಿಕೋಲನ್ನೇ ಊರುಗೋಲು ಮಾಡಿಕೊಂಡು, ಬೆನ್ನು ಬಗ್ಗಿಸಿ, ಬಾಗಿಲವರೆಗೆ ನಡೆದು ತೋರಿಸಿದ್ದಳು. ಮೇಷ್ಟ್ರೂ ನಕ್ಕಿದ್ದರು. ಹುಡುಗಿಯರನ್ನು ಅವಳು ಎಂದೋ ಕ್ಷಮಿಸಿದ್ದಳು, ಮೇಷ್ಟ್ರನ್ನು ಕ್ಷಮಿಸಿರಲಿಲ್ಲ.

ಹಾಗಾಗಿ ಕೆಲಸಕ್ಕೆ ಸೇರಿದ ದಿನವೇ ನಿಶ್ಚಯಿಸಿದಳು: ತನ್ನ ಕೈಯಾರೆ ಯಾವ ಹೆಣ್ಣುಮಗುವಿನ ಕೊರಳಿಗೂ ಅಂಥ ಹೆಸರು ಕಟ್ಟುವುದಿಲ್ಲ. ಅವಳ ಕೆಲಸದ ಕ್ರಮವೂ ಅದಕ್ಕೆ ಒದಗಿಬಂತು. ಹೆಸರನ್ನು ಮೊದಲು ಪೆನ್ಸಿಲಿನಲ್ಲಿ ಬರೆಯಬೇಕು, ಕಿಟಕಿಯಾಚೆ ನಿಂತವರಿಗೆ ಜೋರಾಗಿ ಓದಿ ಹೇಳಬೇಕು, ಅವರು ಹೌದು ಎಂದಮೇಲೆ ಶಾಯಿ. ಪೆನ್ಸಿಲಿಗೂ ಶಾಯಿಗೂ ನಡುವೆ ಒಂದೆರಡು ನಿಮಿಷ ಸಿಗುತ್ತಿತ್ತು. ಅಷ್ಟು ಸಾಕಾಗಿತ್ತು ಅವಳಿಗೆ. "ಹೆಣ್ಣುಮಗು ಅಲ್ವಾ, ನಾಳೆ ಶಾಲೆಗೆ ಹೋಗ್ಬೇಕು, ಸ್ವಲ್ಪ ಹಗುರವಾಗಿರೋದು ಇಡಿ" ಎಂದು ಗಾಜಿನ ಕೆಳಗಿಟ್ಟಿದ್ದ ಹೊಸ ಹೆಸರುಗಳ ಪಟ್ಟಿಯನ್ನು ಬೆರಳಿನಿಂದ ತೋರಿಸುವಳು. ಬಂದವರು ಹೆಚ್ಚಾಗಿ ಅಪ್ಪಂದಿರು. ಎರಡು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಎದ್ದು ಬಂದ ಗಂಡಸರಿಗೆ ವಾದಿಸುವ ತ್ರಾಣ ಎಲ್ಲಿಂದ ಬರಬೇಕು? ತಲೆಯಾಡಿಸುವರು. ಅವಳು ರಬ್ಬರು ಹಿಡಿಯುವಳು. ಒಂದು ಮಗುವನ್ನು ಕೆಮ್ಮಿನಿಂದ ಪಾರು ಮಾಡಿದೆ ಎಂದು ಒಳಗೊಳಗೇ ಬೆನ್ನು ತಟ್ಟಿಕೊಳ್ಳುವಳು.

ಈಚೆಗೆ ಗಾಳಿ ತಿರುಗಿತ್ತು. ಅಡ್ಡಾದಿಡ್ಡಿ ಕೂದಲು ಕತ್ತರಿಸಿಕೊಂಡ ಹುಡುಗಿಯರು, ಮೊಬೈಲಿನಿಂದ ಕಣ್ಣೆತ್ತದ ಹುಡುಗರು ಬಂದು ಅಜ್ಜಿಯರ, ಮುತ್ತಜ್ಜಿಯರ ಹೆಸರು ಬರೆಸತೊಡಗಿದ್ದರು. ಪಟ್ಟಿ ತೋರಿಸಿದರೆ, "ಈ ಹೆಸರಿನವರು ಬೀದಿಗೆ ಹತ್ತು ಜನ ಇದ್ದಾರೆ ಮೇಡಂ" ಎಂದು ಮೂಗು ಮುರಿಯುವರು. ಪಕ್ಕದ ಮೇಜಿನಲ್ಲಿ ಮದುವೆ ನೋಂದಣಿ ಮಾಡುವವನು ಕಿಚಾಯಿಸುತ್ತಿದ್ದ: "ಅಕ್ಕಾ, ಅಜ್ಜಿಯರೆಲ್ಲ ತೊಟ್ಟಿಲಿಗೆ ವಾಪಸ್ ಬರ್ತಿದ್ದಾರೆ. ನಿಮ್ಮ ಪಟ್ಟೀನ ಪೊಟ್ಟಣ ಕಟ್ಟೋಕೆ ಕೊಟ್ಬಿಡಿ." ಅವಳು ನಗುತ್ತಿರಲಿಲ್ಲ. ನಿವೃತ್ತಿಗೆ ಎಂಟು ತಿಂಗಳಿರುವಾಗ, ಇಷ್ಟು ವರ್ಷ ಮಾಡಿದ್ದು ಉಪಕಾರವೋ ಉಪದ್ರವವೋ ಎಂಬ ಹುಳು ತಲೆಯೊಳಗೆ ಹೊಕ್ಕಿತ್ತು.

ಒಂದು ಸೋಮವಾರ ಬೆಳಿಗ್ಗೆ ಮೂವತ್ತರ ಆಸುಪಾಸಿನ ಬಾಣಂತಿಯೊಬ್ಬಳು ಕಿಟಕಿಗೆ ಬಂದು ಅರ್ಜಿ ಒಳಗೆ ತಳ್ಳಿದಳು. ಹೆಸರಿನ ಕಾಲಂ ನೋಡಿ ಅಕ್ಕನ ಕೈ ಅಲ್ಲೇ ನಿಂತಿತು. ಅದು ಅವಳದೇ ಹೆಸರು, ಅಕ್ಷರಕ್ಕೆ ಅಕ್ಷರ.

"ಹೆಣ್ಣುಮಗು ಅಲ್ವಾ..." ಎಂದು ಬಾಯಿ ತಾನಾಗಿ ಶುರುಮಾಡಿತು.

"ಇದನ್ನ ಯಾರೂ ಬದಲಾಯಿಸೋ ಹಾಗಿಲ್ಲ," ಎಂದಳು ಬಾಣಂತಿ. "ಇದು ನನಗೇ ಇಡಬೇಕಿದ್ದ ಹೆಸರು. ನಮ್ಮಮ್ಮನಿಗೆ ತನ್ನ ತಾಯಿ ಹೆಸರು ಇಡೋ ಆಸೆ. ಬರೆಸಿ ಬಾ ಅಂತ ಅಪ್ಪನ್ನ ಇಲ್ಲಿಗೆ ಕಳಿಸಿದ್ರೆ, ಮರೆತೆ ಅಂತ ಇನ್ನೇನೋ ಬರೆಸ್ಕೊಂಡು ಬಂದ್ರು. ಅಮ್ಮ ಕೊನೇವರೆಗೂ ಅದನ್ನ ಎತ್ತಿ ಎತ್ತಿ ಆಡಿದ್ಲು. ಬಾಗಿಲು ದಾಟೋಷ್ಟರಲ್ಲಿ ಹೆಂಡತಿ ಮಾತು ಮರೆತೋನು ಅಂತ. ಹೋದ ವರ್ಷ ಅಮ್ಮ ತೀರಿಕೊಂಡ್ಲು." ಅವಳು ಹಿಂದೆ ತಿರುಗಿ ವರಾಂಡದ ಕಡೆ ಕೈ ತೋರಿಸಿದಳು. "ಅಪ್ಪ ಅಲ್ಲಿ ಕೂತಿದ್ದಾರೆ. ಕಿಟಕಿ ಹತ್ರ ಬರಬೇಡಿ ಅಂದಿದೀನಿ. ಮತ್ತೇನಾದ್ರೂ ಎಡವಟ್ಟು ಮಾಡಿದ್ರೆ? ಹಾಂ, ನನ್ನದೂ ಒಂದು ನಕಲು ಬೇಕಿತ್ತು."

ಅಕ್ಕ ಬೀರುವಿನಿಂದ ಹಳೆಯ ರಿಜಿಸ್ಟರು ತಂದಳು. ಪುಟ ಸಿಕ್ಕಿತು. ಅಕ್ಷರ ಅವಳದೇ, ಆಗಿನ ದುಂಡು ಅಕ್ಷರ. ಪುಟವನ್ನು ಕೊಂಚ ಓರೆಯಾಗಿ ಬೆಳಕಿಗೆ ಹಿಡಿದಳು. ಶಾಯಿಯಲ್ಲಿದ್ದ ನಾಜೂಕು ಹೆಸರಿನ ಕೆಳಗೆ, ಪೆನ್ಸಿಲು ಒತ್ತಿ ಉಳಿಸಿದ ತಗ್ಗಿನಲ್ಲಿ, ಇನ್ನೊಂದು ಹೆಸರು ಮಲಗಿತ್ತು. ರಬ್ಬರು ಪೆನ್ಸಿಲಿನ ಕಪ್ಪನ್ನು ಒರೆಸಿತ್ತು, ಗೀರನ್ನು ಒರೆಸಿರಲಿಲ್ಲ. ಆ ಮನುಷ್ಯ ಮರೆತಿರಲಿಲ್ಲ. ಸರಿಯಾಗಿಯೇ ಹೇಳಿದ್ದ. ತನ್ನದೇ ಹೆಸರು ಕಿಟಕಿಯಾಚೆಯಿಂದ ಬಂದದ್ದು ಅವಳಿಗೀಗ ನೆನಪಾಯಿತು. ಅವತ್ತು ಒಂದೆರಡು ನಿಮಿಷವಲ್ಲ, ಅರ್ಧ ಗಂಟೆ ಹಟ ಹಿಡಿದಿದ್ದಳು.

ಸುಮ್ಮನಿದ್ದರೆ ಮುಗಿಯುತ್ತಿತ್ತು. ನಕಲಿನಲ್ಲಿ ಗೀರು ಬರುವುದಿಲ್ಲ. ಎಂಟು ತಿಂಗಳು ಕಳೆದರೆ ಅವಳ ಒಳ್ಳೆಯ ಹೆಸರು ಅವಳ ಜೊತೆಗೇ ಮನೆಗೆ ಹೋಗುತ್ತಿತ್ತು. ರಿಜಿಸ್ಟರನ್ನು ಮುಚ್ಚಿಯೂ ಬಿಟ್ಟಳು. ಆದರೆ ವರಾಂಡದ ಬೆಂಚಿನ ಮೇಲೆ ಆ ಮುದುಕ ತೊಡೆಯ ಮೇಲಿನ ಮೊಮ್ಮಗಳ ಮುಖಕ್ಕೆ ಬಿಸಿಲು ಬೀಳದಂತೆ ತನ್ನ ಕರವಸ್ತ್ರ ಹಿಡಿದುಕೊಂಡು, ತೋಳು ಸೋತರೂ ಇಳಿಸದೆ ಕೂತಿದ್ದ. ಅವನನ್ನು ನೋಡುತ್ತ ನೋಡುತ್ತ ಅವಳು ರಿಜಿಸ್ಟರನ್ನು ಮತ್ತೆ ತೆರೆದಳು.

"ನಿಮ್ಮಪ್ಪನ್ನ ಕರೀರಿ," ಎಂದಳು.

ಮುದುಕ ಅಳುಕುತ್ತ ಬಂದ. ಅಕ್ಕ ಪುಟವನ್ನು ಓರೆ ಮಾಡಿ ಮಗಳಿಗೆ ತೋರಿಸಿದಳು. "ಇವರು ಮರೀಲಿಲ್ಲಮ್ಮ. ಇವರು ಹೇಳಿದ್ದು ಇದೇ ಹೆಸರು. ಬೇಡ ಅಂತ ಒರೆಸಿದ್ದು ನಾನು."

ಮಗಳು ಗೀರಿನ ಮೇಲೆ ಬೆರಳಾಡಿಸಿದಳು. ಬೆರಳು ಎರಡನೇ ಸಲ ಅದೇ ದಾರಿಯಲ್ಲಿ ಹೋಯಿತು. ಆಮೇಲೆ ಅಪ್ಪನ ಕಡೆ ತಿರುಗಿದಳು. "ಮತ್ತೆ ಯಾಕೆ ಮರೆತೆ ಅಂದ್ರಿ? ಅಷ್ಟು ವರ್ಷ ಬೈಸ್ಕೊಂಡ್ರಿ!"

"ಇವರು ಹೇಳಿದ್ದು ನನಗೂ ಸರಿ ಅನ್ನಿಸಿಬಿಡ್ತು," ಎಂದ ಮುದುಕ, ಮಗುವನ್ನು ಇನ್ನೊಂದು ತೋಳಿಗೆ ಬದಲಾಯಿಸುತ್ತ. "ಅವಳ ಹೆತ್ತಮ್ಮನ ಹೆಸರು ಚೆನ್ನಾಗಿಲ್ಲ ಅಂತ ನಿಮ್ಮಮ್ಮನ ಮುಖಕ್ಕೆ ಹೇಗೆ ಹೇಳ್ಲಿ? ಮರೆತೆ ಅನ್ನೋದೇ ಸುಲಭ ಅನ್ಕೊಂಡೆ."

ಮಗಳ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕೊನೆಗೆ ಕಿಟಕಿಯೊಳಗೆ ನುಗ್ಗಿತು. "ನಿಮಗ್ಯಾಕೆ ಬೇಕಿತ್ತು ಊರ ಉಸಾಬರಿ? ನಮ್ಮನೆ ಹೆಸರು ನಮ್ಮನೇದು!"

ಪಕ್ಕದ ಮೇಜಿನವನು ತಲೆಯೆತ್ತಿದ. ಸಾಲಿನಲ್ಲಿದ್ದವರು ಕತ್ತು ಉದ್ದ ಮಾಡಿದರು. ಅಕ್ಕ ಡ್ರಾಯರು ಎಳೆದು, ಬೋರಲು ಬಿದ್ದಿದ್ದ ಗುರುತಿನ ಚೀಟಿಯನ್ನು ಮಗುಚಿ, ಕಿಟಕಿಯ ಹಲಗೆಯ ಮೇಲಿಟ್ಟಳು.

ಬಾಣಂತಿ ಓದಿದಳು. ತನ್ನ ಅರ್ಜಿ ನೋಡಿದಳು. ಮತ್ತೆ ಚೀಟಿ ನೋಡಿದಳು. ದನಿ ಸ್ವಲ್ಪ ಇಳಿಯಿತು, ಸಿಟ್ಟು ಇಳಿಯಲಿಲ್ಲ. "ಅಷ್ಟು ಕಷ್ಟ ಆಗಿತ್ತಾ?"

"ಆಗಿತ್ತಮ್ಮ. ತಪ್ಪು ಅಂತ ಈಗ ಗೊತ್ತಾಗ್ತಿದೆ. ಆಗ ಒಳ್ಳೇದು ಅಂತಲೇ ಮಾಡಿದೆ."

"ನನ್ನ ಮಗಳಿಗೂ ಆಗುತ್ತಾ? ನೀವೇ ಹೇಳಿ."

ಮೂವತ್ತನಾಲ್ಕು ವರ್ಷ ನಾಲಿಗೆಯ ತುದಿಯಲ್ಲೇ ಇದ್ದ ಉತ್ತರ ಅವತ್ತು ಅಲ್ಲಿರಲಿಲ್ಲ. "ನನಗೆ ಗೊತ್ತಿಲ್ಲ" ಎಂದಳು ಅಕ್ಕ. ಆ ಕಿಟಕಿಯಲ್ಲಿ ಕೂತು ಅವಳು ಹಾಗೆ ಹೇಳಿದ್ದು ಅದೇ ಮೊದಲು.

"ಬರೀರಿ," ಎಂದಳು ಬಾಣಂತಿ.

ಅಕ್ಕ ಹೊಸ ರಿಜಿಸ್ಟರು ತೆರೆದು ಪೆನ್ಸಿಲಿನಲ್ಲಿ ಬರೆದಳು. ಇನ್ನು ಓದಿ ಹೇಳಬೇಕು. ಬಾಯಿಂದ ಹೊರಟದ್ದು ಪಿಸುಮಾತು.

"ಕೇಳಿಸ್ಲಿಲ್ಲ," ಎಂದ ಮುದುಕ. ಅವನ ದನಿಯಲ್ಲಿ ಕುಹಕವಿರಲಿಲ್ಲ, ಕಿವಿ ಮಂದವಾಗಿತ್ತು ಅಷ್ಟೇ.

ಅವಳು ಉಸಿರೆಳೆದುಕೊಂಡು ಕಚೇರಿಗೆಲ್ಲ ಕೇಳುವಂತೆ ಓದಿದಳು. ಓದಿ, ಕೆಮ್ಮಿಗಾಗಿ ಕಾದಳು. ಯಾರೂ ಕೆಮ್ಮಲಿಲ್ಲ. ಕಿಚಾಯಿಸುವವನೂ ಯಾವುದೋ ಫಾರಂ ತಿರುವಿಹಾಕುತ್ತಿದ್ದ. ಸಾಲಿನಲ್ಲಿ ಹಿಂದೆ ನಿಂತವಳು ಗಡಿಯಾರ ನೋಡಿ ಗೊಣಗಿದಳು.

ಶಾಯಿ ಒಣಗಿದ ಮೇಲೆ ಅವರು ಹೊರಟರು. ಬಾಣಂತಿ ಥ್ಯಾಂಕ್ಸ್ ಹೇಳಲಿಲ್ಲ, ಹೇಳಬೇಕಾದದ್ದೂ ಇರಲಿಲ್ಲ. ಮುದುಕ ಮಾತ್ರ ಒಂದು ಗಳಿಗೆ ಕಿಟಕಿಯ ಸರಳು ಹಿಡಿದು ನಿಂತ. "ಹೋದ ವರ್ಷವೇ ಹೇಳಿದ್ದಿದ್ರೆ ಇವಳಮ್ಮನಿಗೂ ಗೊತ್ತಾಗ್ತಿತ್ತು," ಎಂದ. ದೂರುವಂತೆಯೂ ಹೇಳಲಿಲ್ಲ. ಅಕ್ಕನಿಗೆ ದೂರಿದ್ದರೆ ವಾಸಿಯಿತ್ತು ಅನ್ನಿಸಿತು.

ಹಳೆಯ ರಿಜಿಸ್ಟರನ್ನು ಬೀರುವಿಗೆ ಒಯ್ಯುವ ಮೊದಲು ಅವಳು ಇನ್ನೊಂದು ಪುಟವನ್ನು ಬೆಳಕಿಗೆ ಓರೆ ಮಾಡಿದಳು. ಅಲ್ಲೂ ಗೀರು. ಮುಂದಿನ ಪುಟದಲ್ಲಿ ಎರಡು. ಯಾವ ಮನೆಯಲ್ಲಿ ಯಾರು ಯಾರನ್ನು ಬೈಯುತ್ತಿದ್ದಾರೋ, ಯಾರು ಮರೆತೆ ಎಂದು ಸುಳ್ಳು ಹೇಳಿ ಕೂತಿದ್ದಾರೋ. ಅವಳಿಗೆ ಪುಟ ತಿರುಗಿಸುವ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ವರಾಂಡದಿಂದ ಯಾರೋ ಅವಳ ಹೆಸರು ಹಿಡಿದು ಕರೆದರು, ಮೆಲ್ಲಗೆ, ಎಳೆದು ಎಳೆದು, ಎರಡು ಸಲ. "ಹ್ಞಾಂ?" ಎಂದು ಅವಳು ಎದ್ದು ನಿಂತೇಬಿಟ್ಟಳು. ಮೆಟ್ಟಿಲಿನ ಹತ್ತಿರ ಮುದುಕ ಎದೆಯ ಮೇಲಿನ ಮಗುವಿಗೆ ಬಗ್ಗಿ ಮೂರನೇ ಸಲ ಕರೆಯುತ್ತಿದ್ದ. ಕರೆದದ್ದು ತನ್ನನ್ನಲ್ಲ ಎಂದು ತಿಳಿದಮೇಲೂ ಅವಳು ಕೂರಲಿಲ್ಲ. ಆ ಹೆಸರನ್ನು ಅಷ್ಟು ಮುದ್ದಾಗಿ ಯಾರಾದರೂ ಕರೆಯಬಹುದು ಎಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ.