ಗಾರ್ಮೆಂಟ್ಸ್ ಗೇಟಿನ ಅರ್ಧ ಗಂಟೆ

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷ. ಎಸ್ಸೆಸ್ಸೆಲ್ಸಿ ಓದಿದ ನಾನು ಕಚೇರಿ ಗುಮಾಸ್ತನಾಗಿ ನಿವೃತ್ತನಾದ ಮೇಲೆ, ಅಂಗನವಾಡಿಗಳ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವ ಒಂದು ಸಂಸ್ಥೆಯಲ್ಲಿ ಫೀಲ್ಡ್ ಕನ್ಸಲ್ಟೆಂಟ್ ಆಗಿದ್ದೆ. ಮಕ್ಕಳ ಕಲಿಕೆಯಲ್ಲಿ ಮನೆಯವರನ್ನು ಕೇಂದ್ರ ಎಷ್ಟು ಸೇರಿಸಿಕೊಂಡಿದೆ ಎಂದು ನೋಡಿ ವರದಿ ಬರೆಯುವುದು ಕೆಲಸ. ನಮ್ಮ ಭಾಷೆಯಲ್ಲಿ ಅದು ಫ್ಯಾಮಿಲಿ ಎಂಗೇಜ್‌ಮೆಂಟ್.

ಕಾಮಾಕ್ಷಿಪಾಳ್ಯದ ಒಂದು ಕೇಂದ್ರದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ತಾಯಂದಿರ ಸಭೆ ಕರೆಸಿದೆ. ಇಬ್ಬರು ಅಜ್ಜಿಯರು ಬಂದರು. ನನ್ನ ವರದಿಯ ಫಾರಂನಲ್ಲಿ ಅಜ್ಜಿಯರಿಗೆ ಕಾಲಂ ಇರಲಿಲ್ಲ. ಮುಂದಿನ ವಾರ ಮಧ್ಯಾಹ್ನ ಒಂದು ಗಂಟೆಗೆ, ಮುಂಚೆ ತಿಳಿಸದೆ ಅಲ್ಲಿಗೆ ಹೋದರೆ ಟೀಚರ್ ಸರೋಜಮ್ಮನೇ ಇಲ್ಲ. ಮಕ್ಕಳನ್ನು ಮಲಗಿಸುತ್ತಿದ್ದ ಸಹಾಯಕಿ, "ಗಾರ್ಮೆಂಟ್ಸ್ ಹತ್ರ ಹೋಗವ್ರೆ ಸಾರ್, ಈಗ ಬರ್ತಾರೆ" ಎಂದಳು.

ಫ್ಯಾಕ್ಟರಿ ಇದ್ದದ್ದು ಕೇಂದ್ರದ ಹಿಂದಿನ ರಸ್ತೆಯಲ್ಲೇ; ಅಲ್ಲಿಗೆ ನಡೆದೆ. ಅರ್ಧ ಗಂಟೆಯ ಊಟದ ಬಿಡುವಿನಲ್ಲಿ ಹೆಂಗಸರು ಗೇಟಿನ ಸರಳುಗಳ ಆಚೆ ನಿಂತಿದ್ದರು. ಈಚೆ ಸರೋಜಮ್ಮ, ಕೈಯಲ್ಲಿ ಮಕ್ಕಳು ಬಣ್ಣ ಬಳಿದ ಹಾಳೆಗಳು. ಒಬ್ಬೊಬ್ಬರಿಗೂ ಅವರ ಮಗುವಿನ ಹಾಳೆ ತೋರಿಸಿ, ಏನು ತಿಂದಿತು, ಯಾವ ಹಾಡು ಕಲಿಯಿತು ಎಂದು ಹೇಳುತ್ತಿದ್ದರು. ರತ್ನ ಎಂಬಾಕೆಯ ಮಗಳು ನಾಲ್ಕು ವರ್ಷವಾದರೂ ಕೇಂದ್ರದಲ್ಲಿ ಬಾಯಿ ಬಿಟ್ಟಿರಲಿಲ್ಲ. ಅಂದು ಪಕ್ಕದ ಮಗುವನ್ನು ಹೆಸರು ಹಿಡಿದು ಕರೆದಳಂತೆ. ರತ್ನ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕೇಳುತ್ತಿದ್ದಳು.

ನಾನು ನಡುವೆ ಬಾಯಿ ಹಾಕಿ, ಸಭೆಗೆ ಯಾಕೆ ಬರಲಿಲ್ಲ ಎಂದೆ.

"ಬರ್ತೀವಿ ಸಾರ್," ಎಂದಳು ರತ್ನ. "ನಮ್ ಮಿಷಿನ್ ಮುಂದೆ ಕೂತು ನೀವು ಕಾಲರ್ ಹೊಲೀತೀರಾ?"

ಎಲ್ಲರೂ ನಕ್ಕರು. ಸೆಕ್ಯುರಿಟಿಯವನೂ ನಕ್ಕ. ಸರೋಜಮ್ಮ ಮಾತ್ರ ನಗಲಿಲ್ಲ.

ಆ ನಗು ನನ್ನನ್ನು ಕೊರೆಯಿತು. ವರದಿಯಲ್ಲಿ ಬರೆದೆ: ಸಭೆಗೆ ತಾಯಂದಿರ ಹಾಜರಿ ಸೊನ್ನೆ, ಕೆಲಸದ ವೇಳೆ ಕಾರ್ಯಕರ್ತೆ ಕೇಂದ್ರದಲ್ಲಿರಲಿಲ್ಲ. ಎರಡೂ ನಿಜವೇ. ಕೆಳಗೆ ಷರಾ ಬರೆಯಲು ನಾಲ್ಕು ಗೆರೆ ಜಾಗವಿತ್ತು. ಖಾಲಿ ಬಿಟ್ಟೆ. ತಿಂಗಳೊಳಗೆ ಸರೋಜಮ್ಮನಿಗೆ ನೋಟಿಸ್ ಬಂತು: ವೇಳೆಯಲ್ಲಿ ಕೇಂದ್ರ ಬಿಟ್ಟು ಹೊರಗೆ ಹೋಗಕೂಡದು.

ಮತ್ತೆ ಆ ಕಡೆ ಹೋದಾಗ ರತ್ನ ಗೇಟಿನೊಳಗಿಂದ ಕರೆದಳು. "ಸಾರ್, ಅವತ್ತು ನಾನು ಹಂಗೆ ಅನ್ಬಾರ್ದಿತ್ತು. ತಪ್ಪಾಯ್ತು. ಟೀಚರ್‌ನ ಕಳ್ಸಿ ಸಾರ್."

ತಪ್ಪು ಯಾರದೆಂದು ಹೇಳಲು ಅದೇ ಸಮಯವಾಗಿತ್ತು. "ಇರ್ಲಿ ಬಿಡಮ್ಮ" ಎಂದೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವನ ಹಾಗೆ.

ಆಮೇಲೆ ಎಷ್ಟೋ ತರಬೇತಿಗಳಲ್ಲಿ, ತಾಯಂದಿರು ಇರುವಲ್ಲಿಗೆ ನಾವೇ ಹೋಗಬೇಕು ಎಂದು ಪಾಠ ಹೇಳಿದ್ದೇನೆ. ಅದನ್ನು ಯಾರಿಂದ ಕಲಿತೆನೆಂದು ಒಮ್ಮೆಯೂ ಹೇಳಲಿಲ್ಲ. ಒಂದಕ್ಷರ ಸುಳ್ಳು ಬರೆಯದೆಯೂ ಅನ್ಯಾಯ ಮಾಡಬಹುದು ಎಂಬುದೇ ಆ ಕೆಲಸ ನನಗೆ ಕಲಿಸಿದ್ದು. ಆ ನಾಲ್ಕು ಗೆರೆಗಳನ್ನು ಈಗ ಇಲ್ಲಿ ತುಂಬಿದ್ದೇನೆ, ಸರೋಜಮ್ಮನಿಗೆ ಯಾವ ಉಪಯೋಗಕ್ಕೂ ಬಾರದ ಕಾಲದಲ್ಲಿ.